ದಂಡೆಯ ಮೇಲಿನ ಕೆರ

ಮಸ್ಕಿ, 2 ಸೆಪ್ಟೆಂಬರ್ 1948

ತಂಗಿ ಜಂಬಮ್ಮನಿಗೆ ಅಣ್ಣ ದುರುಗಪ್ಪನ ಆಶೀರ್ವಾದ. ನೀನು ಆರಾಮ ಇದ್ದೀಯಾ? ನಿನ್ನ ಯಜಮಾನರು ಸೂಗಪ್ಪನವರ ಮೊಣಕಾಲು ನೋವು ಇಳಿಯಿತೇ? ಮಗಳು ಹುಲಿಗೆಮ್ಮನ ಚಳಿಜ್ವರ ಬಿಟ್ಟಿತೇ? ನಿನ್ನ ಅತ್ತೆಗೆ ಒಂದು ಕಣ್ಣಾದರೂ ಕಾಣುತ್ತದೆಯೇ? ಕೆಂದಾಕಳು ಕರು ಹಾಕಿತೇ? ಇಲ್ಲಿ ನಾವೆಲ್ಲ ಕ್ಷೇಮ.

ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದೆ.

ಈ ಕಾಗದ ನಿನಗೆ ಮುಟ್ಟುವುದಿಲ್ಲ. ಹೊಳೆಯಾಚೆ ನಿಮ್ಮ ಸಿರುಗುಪ್ಪ ಭಾರತ ಯೂನಿಯನ್ನಿನದು, ಈಚೆ ನಾವು ನಿಜಾಮನವರು. ದಢೇಸುಗೂರಿನ ಹರಿಗೋಲು ಕಟ್ಟಿಹಾಕಿದ್ದಾರೆ. ಟಪಾಲು ನಿಂತಿದೆ. ಹೋದರೂ ಏನು — ನಿನಗೆ ಓದು ಬರದು. ಸಾಲಿ ಮಾಸ್ತರರು ಕಟ್ಟೆಯ ಮೇಲೆ ಕುಳಿತು ಓದುತ್ತಾರೆ, ಅರ್ಧ ಊರು ಕೇಳುತ್ತದೆ. ಅದಕ್ಕೇ ಕಳಿಸುವ ಕಾಗದ ಬೇರೆ, ಈ ಪುಸ್ತಕ ಬೇರೆ. ಇಲ್ಲಿ ನಿನ್ನ ಕಿವಿಗಷ್ಟೇ ಹೇಳುವುದನ್ನು ಬರೆಯುತ್ತೇನೆ.

ನಿನ್ನ ಮಗ ಯಂಕೋಬ ನನ್ನ ಹತ್ತಿರ ಇಲ್ಲ. ಪಂಚಮಿ ಮುಗಿದ ಮೇಲೆ ಹೊಳೆ ಈಜಿ ನಿಮ್ಮ ಕಡೆ ಇರುವ, ನಿಜಾಮನ ವಿರುದ್ಧ ಹೋರಾಡುವವರ ಕ್ಯಾಂಪಿಗೆ ಹೋದ. ನಿಜಾಮನ ಗಡಿಕಾವಲಿನ ನಾಕಾ ಹಾರಿಸುತ್ತಾರಂತೆ. ಬಾವಿಯ ಕಲ್ಲಿಗೆ ಸಿಡಿಮದ್ದು ತುಂಬುವುದು ಬಲ್ಲವನು ಬೇಕಾಗಿತ್ತಂತೆ. “ಬ್ಯಾಡೋ” ಎಂದೆ. “ಮಾವ, ದೇಶದ ಕೆಲಸ” ಎಂದ.

ಇವತ್ತು ಗೌಡರ ಬಾವಿಯಲ್ಲಿ ಕಲ್ಲು ಹತ್ತಿತು. ಹೊಸ ಆಳೊಬ್ಬ ಕೆರ ಮೆಟ್ಟಿಕೊಂಡೇ ಇಳಿಯಲು ಹೊರಟ. ಹಗ್ಗ ಹಿಡಿದಿದ್ದ ಚಾಂದ್‌ಪಾಷಾ ಅಲ್ಲಿಂದಲೇ ಗುಡುಗಿದ.

“ಲೇ, ಕೆರದ ಅಡೀಗ ಮೊಳಿ ಅದಾವ! ಕಲ್ಲಿಗೆ ತಾಗಿ ಕಿಡಿ ಹಾರಿತಂದ್ರ ನೀ ಮ್ಯಾಲ ಬರೂದು ಹಗ್ಗದಾಗಲ್ಲ, ಹೊಗ್ಯಾಗ!”

ಎಲ್ಲರೂ ನಕ್ಕರು. ಉಳಿದದ್ದನ್ನು ನಾನು ಹೇಳಿದೆ. ದಂಡೆಯಲ್ಲಿ ಬಿಡು. ಹಿಮ್ಮಡ ಬಾವಿಯ ಕಡೆ, ಮೂತಿ ದಾರಿಯ ಕಡೆ. ಓಡಬೇಕಾದಾಗ ಕಾಲು ತಾನೇ ಹೋಗಿ ಕೂಡುತ್ತದೆ. ಇಳಿಯುವಾಗ “ಕೆರ ಬಿಟ್ಟೀನೋ” ಎಂದು ಕೂಗು. ದಂಡೆಯಲ್ಲಿ ಒಂದು ಜೋಡು ಉಳಿದಿದ್ದರೂ ಒಳಗೆ ಮನುಷ್ಯ ಇದ್ದಾನೆ ಎಂದು ಅರ್ಥ. ಬತ್ತಿಗೆ ಬೆಂಕಿ ಮುಟ್ಟಿಸುವ ಹಾಗಿಲ್ಲ, ದೇವರೇ ಬಂದು ಹೇಳಿದರೂ.

ಅಪ್ಪ ನಮಗೆ ಹೇಳಿದ್ದು. ನಾನು ಯಂಕೋಬನಿಗೆ ಹೇಳಿದ್ದು. ನಾಕಾದ ಹತ್ತಿರ ಅವನು ಕೆರ ಎಲ್ಲಿ ಬಿಡುತ್ತಾನೋ...

29 ಸೆಪ್ಟೆಂಬರ್ 1948

ಎಲ್ಲ ಮುಗಿಯಿತು. ಯೂನಿಯನ್ನಿನ ಮಿಲಿಟರಿ ಬಂತು, ನಿಜಾಮ ಶರಣಾದ. ರಜಾಕಾರರು ಓಡಿದರು. ಓಡದವರ, ಏನೂ ಮಾಡದವರ ಮನೆಗಳಿಗೂ ಬೆಂಕಿ ಬಿತ್ತು. ಚಾಂದ್‌ಪಾಷಾ, ಅವನ ಹೆಂಡತಿ ಬಿಬಿಜಾನ್, ಮಗಳು ರಾಜಾಬೀ ನಮ್ಮ ಮನೆಯ ಒಳಕೋಣೆಯಲ್ಲಿ ಇದ್ದಾರೆ. ಬಾಗಿಲಲ್ಲಿ ನಿನ್ನ ಅತ್ತಿಗೆ ಒನಕೆ ಹಿಡಿದು ಕುಳಿತಳು. ಯಾರೂ ಒಳಗೆ ಬರಲಿಲ್ಲ. ಆಕೆಯ ಬಾಯಿ ನಿನಗೆ ಗೊತ್ತಲ್ಲ.

ಲಿಂಗಸುಗೂರಿನಲ್ಲಿ ಮಹಮ್ಮದಸಾಬರ ಮದ್ದಿನ ಅಂಗಡಿ ಲೂಟಿ ಆಯಿತಂತೆ. ನನಗೆ ಅಕ್ಷರ ಕಲಿಸಿದವರು ಅವರು. ಮದ್ದು ತರಲು ಹೋದಾಗಲೆಲ್ಲ ಅಂಗಡಿಯ ಹಲಗೆಯ ಧೂಳಿನಲ್ಲಿ ಬೆರಳಿನಿಂದ ಒಂದೊಂದು ಅಕ್ಷರ ಬರೆದು ತೋರಿಸುತ್ತಿದ್ದರು. ಜೀವ ಉಳಿದಿದೆ, ಅಷ್ಟು ಸಾಕು.

ಯಂಕೋಬ ಬಂದ. ಕೊರಳ ತುಂಬ ಹಾರ. ದಢೇಸುಗೂರಿನ ನಾಕಾ ಹಾರಿಸಿದವನು ಇವನೇ ಎಂದು ಹೆಗಲ ಮೇಲೆ ಹೊತ್ತು ತಂದರು. ಕ್ಯಾಂಪಿನ ಮುಖಂಡರೊಬ್ಬರು ಭಾಷಣ ಮಾಡಿದರು. ನಾಕಾದ ಕಾವಲಿಗಿದ್ದ ಒಬ್ಬ ಜವಾನ ಸತ್ತನಂತೆ. ಅದು ಭಾಷಣದಲ್ಲಿ ಬರಲಿಲ್ಲ.

ಉಣ್ಣುವಾಗ ಹೇಳಿದ, “ಮಾವ, ಇಷ್ಟ್ ವರ್ಷ ಬಾವ್ಯಾಗ ಎಷ್ಟ್ ಸದ್ದು ಮಾಡೀವಿ. ಯಾರರ ತಿರುಗಿ ನೋಡ್ಯಾರೇನು? ಒಂದ ಸದ್ದು ಮ್ಯಾಲ ಮಾಡಿದೆ ನೋಡು. ದೇಶಾನ ತಿರುಗಿ ನೋಡ್ತು.”

ಕಣ್ಣು ಹೊಳೆಯುತ್ತಿದ್ದವು. ಜಂಬಮ್ಮ, ನಿನ್ನ ಮಗ ಚಂದ ಕಾಣುತ್ತಿದ್ದ.

11 ಜೂನ್ 1951

ನಿನಗೆ ಕಾಗದ ಹಾಕಿದೆ. ಯಂಕೋಬ ಆರಾಮ ಎಂದು ಬರೆದಿದ್ದೇನೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕ್ಯಾಂಪಿನ ಹೊರಗೆ ನಿಂತು ಚಹಾ ಕುಡಿದವರು ಅಮಲ್ದಾರಿ ಕಚೇರಿಯಲ್ಲಿ ಕುರ್ಚಿ ಹಿಡಿದರು. ಇವನು ಮತ್ತೆ ಬಾವಿಗೆ ಇಳಿದ. ಹಾರದ ದಾರ ಇನ್ನೂ ನಮ್ಮ ಗೋಡೆಯ ಗೂಟಕ್ಕಿದೆ. ಹೂವು ಎಂದೋ ಉದುರಿದವು.

ಜವಳಗೇರಾದಲ್ಲಿ ತುಂಗಭದ್ರಾ ಕಾಲುವೆ ಕಡಿಯುತ್ತಿದ್ದಾರೆ. ಕಲ್ಲು ಒಡೆಯುವವರು ಬೇಕಂತೆ. ಹೋಗುತ್ತೇನೆಂದ. ಹೋಗು ಎಂದೆ.

22 ಮಾರ್ಚ್ 1953

ಮುಂಜಾನೆ ಯಂಕೋಬ ಬಂದ. ಮೈ ತುಂಬ ಕಲ್ಲಿನ ಬೂದಿ. ಕೈಯಲ್ಲಿ ಯಾರದೋ ಕೆರ. ಅವನ ಜೊತೆ ಕೆಲಸಕ್ಕಿದ್ದ ಅಮರಗುಂಡಪ್ಪನವಂತೆ.

“ಒಳಗ ಇದ್ದ ಮಾವ. ಕೆರ ದಂಡ್ಯಾಗ ಇದ್ವು. ನಾ ಒದರಿದೆ. ಕಾಂಟ್ರಾಕ್ಟರ ನಕ್ಕ. ‘ಚಪ್ಪಲಿ ನೋಡ್ಕೋತ ಕುಂತ್ರ ಕಾಲುವಿ ಮುಂದಿನ ಜನ್ಮಕ್ಕ ಮುಗೀತೈತಿ’ ಅಂದ. ಬತ್ತಿ ಹಚ್ಚಿಸಿದ.”

“ಅಮರಗುಂಡ?”

“ಏನ್ ಅಮರಗುಂಡ. ಇವಷ್ಟ ಸಿಕ್ವು.”

ನಿನ್ನೆ ಆದ ಕೂಡಲೇ ಠಾಣೆಗೆ ಹೋದನಂತೆ. ನಾಳೆ ಬಾ. ಕಾಲುವೆ ಕಚೇರಿಗೆ ಹೋದನಂತೆ. ಸಾಹೇಬರು ಸೈಟಿಗೆ ಹೋಗಿದ್ದಾರೆ. ಸೈಟಿಗೆ ಹೋದರೆ ಕಚೇರಿಗೆ ಹೋಗಿದ್ದಾರೆ. ಕೊನೆಗೆ ಹಾರ ಹಾಕಿದ ಮುಖಂಡರ ಮನೆಗೂ ಹೋದ. “ಊಟಕ್ಕ ಕುಂತಾರ” ಎಂದರು. ಸಂಜೆಯಾದರೂ ಅವರ ಊಟ ಮುಗಿಯಲಿಲ್ಲ.

ಆ ಕೆರಗಳನ್ನು ಹಾರದ ದಾರದ ಪಕ್ಕದಲ್ಲೇ ನೇತುಹಾಕಿ ಹೋದ. ನಿನ್ನ ಅತ್ತಿಗೆ ತೆಗೆಯಲು ಹೋದಳು. ನಾನು ಬೇಡ ಎಂದೆ.

19 ಆಗಸ್ಟ್ 1953

ಜವಳಗೇರಾದಲ್ಲಿ ಕಾಂಟ್ರಾಕ್ಟರನ ಗೋದಾಮು ಹಾರಿದೆ. ಕಾವಲಿಗಿದ್ದ ದೊಡ್ಡಬಸಪ್ಪ ಎಂಬ ಮುದುಕ ಸತ್ತ. ಸಿಡಿಮದ್ದಿನ ತೋಟಾ ಅಲ್ಲೇ ಇಟ್ಟಿದ್ದರು, ಮುದುಕ ಬೀಡಿ ಸೇದಿರಬೇಕು ಎಂದು ಬಸ್ಸಿನಲ್ಲಿ ಮಾತು. ನಾನೂ ಹೌದೆಂದೆ.

18 ಅಕ್ಟೋಬರ್ 1953, ದಸರೆ

ಯಂಕೋಬ ಬನ್ನಿ ಕೊಡಲು ಬಂದ. “ಬನ್ನಿ ತೊಗೊಂಡು ಬಂಗಾರದಂಗ ಇರೋಣು” ಎಂದು ಕಾಲಿಗೆ ಬಿದ್ದ. ಚಾಂದ್‌ಪಾಷಾನಿಗೂ ಬಿದ್ದ. ರಾಜಾಬೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಗಂಡ ಸಿಂಧನೂರಿನ ಕಾಲುವೆ ಕ್ಯಾಂಪಿನಲ್ಲಿ ಕೆಲಸಕ್ಕಿದ್ದಾನೆ. ಇವನ ಚೀಲದಲ್ಲಿ ಹೊಸ ಗಡಿಯಾರ ಕಂಡು ಬಿಡಲಿಲ್ಲ ಆ ಹುಡುಗಿ.

“ಏನಣ್ಣಾ, ಗಂಟಿ ಹೊಡಿಯೋ ಗಡಿಯಾರ! ಸಾಹೇಬ ಆದ್ಯಾ?”

“ಹೊತ್ತಿಗೆ ಏಳಾಕ ಬೇಕವ್ವ.”

“ಯಾಕ, ನಿಮ್ ಕ್ಯಾಂಪಿನ್ಯಾಗ ಕೋಳಿ ಎಲ್ಲಾ ಕೊಯ್ಕೊಂಡ್ ತಿಂದೀರೇನು?”

ಬಿಬಿಜಾನ್ ಬೈದಳು, ಆದರೂ ನಕ್ಕಳು. ಯಂಕೋಬನೂ ನಕ್ಕ. ಬಹಳ ದಿನಕ್ಕೆ ಅವನ ಹಲ್ಲು ಕಂಡೆ. ಅವನ ಎಡಗಾಲ ಕೆರದ ಉಂಗುಟದ ಪಟ್ಟಿ ಕಿತ್ತಿತ್ತು. ತಾಮ್ರದ ತಂತಿ ಸುತ್ತಿ ಬಿಗಿದು ಕೊಟ್ಟೆ.

ಹೊರಡುವಾಗ ಗೋದಾಮಿನ ಮಾತು ತೆಗೆದೆ. ಪಾಪ, ಕಾವಲಿನ ಮುದುಕ ಎಂದೆ.

“ಕಾಂಟ್ರಾಕ್ಟರನ ಉಪ್ಪು ತಿಂದಾವ” ಎಂದ. ಅಷ್ಟೇ. ದನಿಯಲ್ಲಿ ಏನೂ ಇರಲಿಲ್ಲ. ತಂಪು ಕೂಡ ಇರಲಿಲ್ಲ.

26 ನವೆಂಬರ್ 1953

ರಾಜಾಬೀಗೆ ಹೆಣ್ಣು. ದಾವಲ್‌ಬೀ ಎಂದು ಹೆಸರು ಇಟ್ಟರು. ಚಾಂದ್‌ಪಾಷಾ ಇಡೀ ಓಣಿಗೆ ಸಕ್ಕರೆ ಹಂಚಿದ.

ಬಳಗಾನೂರಿನ ದಾರಿಯಲ್ಲಿ ಸಣ್ಣ ಸೇತುವೆಯ ಕೆಳಗೆ ಬಾಂಬು. ಜೀಪಿನಲ್ಲಿ ಕಾಂಟ್ರಾಕ್ಟರ ಇರಲಿಲ್ಲ. ಡ್ರೈವರನ ಎರಡೂ ಕಣ್ಣು ಹೋದವು.

ಇದು ಬೀಡಿಯಲ್ಲ.

ಜವಳಗೇರಾಕ್ಕೆ ಹೋಗಿ ಕೇಳಿದೆ. ಯಂಕೋಬ ಕೆಲಸ ಬಿಟ್ಟು ತಿಂಗಳುಗಳಾದವಂತೆ. ಎಲ್ಲಿದ್ದಾನೆ, ಯಾರಿಗೂ ಗೊತ್ತಿಲ್ಲ. ನಿನಗೆ ಏನು ಬರೆಯಲಿ?

4 ಫೆಬ್ರವರಿ 1954

ಬರೆಯಲೇಬೇಕು.

ನಿನ್ನೆ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಮಂದಿ ಕಲ್ಲು ಮುಟ್ಟುವುದಿಲ್ಲ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಾಲುವೆಯ ಕೆಲಸವೂ ಬಂದ್. ನಾನೂ ಚಾಂದ್‌ಪಾಷಾನೂ ಕಟ್ಟೆಯ ಮೇಲೆ ಕುಳಿತಿದ್ದೆವು. ಮಧ್ಯಾಹ್ನದ ಬಸ್ಸು ಸುದ್ದಿ ತಂತು. ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ಬಾಂಬು.

“ಕಚೇರಿ ಬಂದ್ ಇರ್ತೈತಲ್ಲ, ಯಾರ್ ಇರ್ತಾರ?” ಎಂದ ಚಾಂದ್‌ಪಾಷಾ.

ಇದ್ದರು. ಆಳುಗಳಿಗೆ ಬಿಡುವು ಸಿಗುವುದು ಅಮಾವಾಸ್ಯೆಗೇ ಎಂದು ದೇವಿ ಹಾಕುವವರು ಅದೇ ದಿನ ಬಂದಿದ್ದರಂತೆ. ಸಿಡುಬು ಬಾರದಿರಲೆಂದು ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಕಚೇರಿಯ ಪಡಸಾಲೆಯಲ್ಲಿ ಸಾಲಾಗಿ ಕುಳಿತಿದ್ದರು. ಮೂವರು ಹೆಂಗಸರು, ಒಂದು ಗಂಡುಕೂಸು. ಮೂವರಲ್ಲಿ ರಾಜಾಬೀ ಒಬ್ಬಳು, ಬಾಣಂತನ ಮುಗಿಸಿ ಗಂಡನ ಕ್ಯಾಂಪಿಗೆ ಹೋಗಿ ವಾರವಾಗಿತ್ತು ಅಷ್ಟೇ.

ಅವಳ ಮಗು ಬದುಕಿದೆ. ಆಗಷ್ಟೇ ದೇವಿ ಹಾಕಿಸಿ, ಅಳುತ್ತದೆಂದು ಪಕ್ಕದ ಹೆಂಗಸಿನ ಕೈಗೆ ಕೊಟ್ಟು ಹೊರಗೆ ಕಳಿಸಿದ್ದಳಂತೆ. ತಾನು ಸೆರಗು ಸರಿಮಾಡಿಕೊಂಡು ಬರುತ್ತೇನೆಂದು...

ನಾವಿಬ್ಬರೂ ಸಿಂಧನೂರಿಗೆ ಓಡಿದೆವು. ಕೆರಗಳು ಕಚೇರಿಯ ಅಂಗಳದ ತುಂಬ ಚೆಲ್ಲಿದ್ದವು. ಹೆಂಗಸರವು. ಒಂದು ಮೆಟ್ಟಿಲ ಮೇಲೆ, ಒಂದು ಬೇಲಿಯಲ್ಲಿ. ಚಾಂದ್‌ಪಾಷಾ ಮಗಳ ಕೆರ ಹುಡುಕುತ್ತಿದ್ದ. ಯಾಕೆ ಎಂದು ಕೇಳಲಿಲ್ಲ. ನಾನೂ ಹುಡುಕುತ್ತ ಹಿಂದಿನ ಗೋಡೆಯ ಕಡೆ ಹೋದೆ. ಬೇವಿನ ಗಿಡದ ಬುಡದಲ್ಲಿ ಒಂದು ಜೋಡು, ಗಂಡಸಿನವು. ಚೆಲ್ಲಿರಲಿಲ್ಲ, ಜೋಡಿಸಿ ಬಿಟ್ಟಿದ್ದವು. ಹಿಮ್ಮಡ ಗೋಡೆಯ ಕಡೆ, ಮೂತಿ ದಾರಿಯ ಕಡೆ.

ಎಡಗಾಲಿನ ಉಂಗುಟಕ್ಕೆ ತಾಮ್ರದ ತಂತಿ.

ನಸುಕಿನಲ್ಲಿ ಕಾವಲುಗಾರ ಯಾರನ್ನೋ ಕಂಡು ಕೂಗಿದನಂತೆ. ಆ ಮನುಷ್ಯ ಬರಿಗಾಲಲ್ಲಿ ಓಡಿದನಂತೆ. ಕಳ್ಳನಿರಬೇಕು ಎಂದು ಕಾವಲುಗಾರ ಸುಮ್ಮನಾದನಂತೆ.

ಪೊಲೀಸಿನವನೊಬ್ಬ ಬಂದು ಆ ಜೋಡನ್ನೂ ಎತ್ತಿ ಸತ್ತವರ ರಾಶಿಗೆ ಹಾಕಿದ. ನಾನು ನೋಡುತ್ತ ನಿಂತೆ.

7 ಫೆಬ್ರವರಿ

ಮಹಮ್ಮದಸಾಬರನ್ನು ಹಿಡಿದು ಲಿಂಗಸುಗೂರಿನ ಠಾಣೆಯಲ್ಲಿ ಇಟ್ಟಿದ್ದಾರೆ. ಮದ್ದಿನ ಲೈಸೆನ್ಸು ಅವರದು. ಹಳೇ ರಜಾಕಾರ ಎಂದು ಯಾರೋ ಹೇಳಿದರಂತೆ. ಆ ಮನುಷ್ಯ ನಲವತ್ತೆಂಟರಲ್ಲಿ ಅಂಗಡಿ ಕಳೆದುಕೊಂಡದ್ದು ಬಿಟ್ಟರೆ ಬೇರೇನೂ ಮಾಡಿದ್ದಿಲ್ಲ. ಬಸ್ಸಿನಲ್ಲಿ ಜನ, “ಅವರ ಮಂದೀನ ಇರಬೇಕು ಬಿಡ್ರಿ” ಎನ್ನುತ್ತಾರೆ. ಚಾಂದ್‌ಪಾಷಾ ಅದೇ ಬಸ್ಸಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಮಗಳ ದಫನ್ ಮಾಡಿ ಬಂದವನು.

ಬೈಯಬೇಕಾದವರು ಯಾರೆಂದು ಗೊತ್ತಿದ್ದವನು ನಾನೊಬ್ಬ. ಬಾಯಿ ತೆರೆದರೆ ನಿನ್ನ ಮಗ. ಮುಚ್ಚಿದರೆ ನನ್ನ ಗುರು.

11 ಫೆಬ್ರವರಿ

ಅವನು ಎಲ್ಲಿರಬಹುದೆಂದು ಮೊದಲ ದಿನವೇ ಹೊಳೆದಿತ್ತು. ಹೊಳೆಯದವನ ಹಾಗೆ ಇದ್ದೆ.

ಮಸ್ಕಿ ಗುಡ್ಡದ ಹಿಂದೆ ಒಂದು ಒಣಬಾವಿ. ನಾನು, ಅವನು, ಚಾಂದ್‌ಪಾಷಾ ಕೂಡಿ ತೋಡಿದ್ದು. ನೀರು ಬೀಳಲಿಲ್ಲ. ಅಡ್ಡ ಒಂದು ಕೋಣೆಯಷ್ಟು ಕೊರೆದು ಬಿಟ್ಟಿದ್ದೆವು. ನಿನ್ನ ಅತ್ತಿಗೆಗೆ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿ ಎಂದೆ. ಯಾರಿಗೆ ಎನ್ನಲಿಲ್ಲ. ಪುಂಡಿಪಲ್ಯ ಕಟ್ಟಿಕೊಟ್ಟಳು. ಅದು ಯಾರಿಗೆ ಇಷ್ಟ ಎಂದು ಅವಳಿಗೆ ಗೊತ್ತು.

ಮೆಟ್ಟಿಲು ಅರ್ಧಕ್ಕೇ ಮುಗಿಯುತ್ತವೆ. ಅಲ್ಲಿ ಕುಳಿತು ಕರೆದೆ. ಕೋಣೆಯಿಂದ ಹೊರಗೆ ಬಂದ. ಗಡ್ಡ. ಬರಿಗಾಲು. ರೊಟ್ಟಿಯ ಗಂಟು ಎಸೆದೆ. ತಿಂದ. ನಾಯಿ ತಿಂದ ಹಾಗೆ ತಿಂದ, ಜಂಬಮ್ಮ.

“ರಾಜಾಬೀ ಹೋದ್ಲು” ಎಂದೆ.

ಕೈ ನಿಂತಿತು. ಅವನಿಗೆ ಗೊತ್ತಿರಲಿಲ್ಲ.

“ಅಮಾಸಿ ಇತ್ತಲ್ಲ ಮಾವ. ಅಮಾಸಿ ದಿನ ನಮ್ಮಾವ್ರು ಯಾರ್ ಇರ್ತಾರ ಅಲ್ಲಿ? ಬರೇ ಗೋಡಿ, ಬರೇ ಕಾಗದಾ. ಅದಕ್ಕ ಅಮಾಸಿ ಹಿಡಿದಿದ್ದೆ.”

“ಮೆಟ್ಟಲಿನ್ಯಾಗ ಅವರ ಕೆರ ಇದ್ವು, ಸಾಲಾಗಿ. ನೀ ನೋಡಿದ್ಯಾ?”

“ಗಡಿಯಾರಕ್ಕ ಕಣ್ಣಿಲ್ಲ ಮಾವ.”

“ನಿನಗ ಇದ್ವಲ್ಲೋ.”

ಬಂದು ಬಿಡು ಎಂದೆ. ನಾನೇ ಜೊತೆಗೆ ಬರುತ್ತೇನೆ, ಮಹಮ್ಮದಸಾಬರನ್ನು ಹೊಡೆಯುತ್ತಿದ್ದಾರೆ ಎಂದೆ. ತಲೆ ಅಲ್ಲಾಡಿಸಿದ.

“ಇನ್ನೂ ಒಂದು ಐತಿ. ಕಾಂಟ್ರಾಕ್ಟರ ಶಿವರಾತ್ರಿ ಮುಗಿಸಿ ರಾಯಚೂರ ಬಸ್ಸಿಗೆ ಹೊಂಟಾನ. ಅದೊಂದ್ ಆಗ್ಲಿ.”

“ಬಸ್ಸಿನ್ಯಾಗ ಅವನೊಬ್ಬನ ಇರ್ತಾನೇನು?”

“ಅಮರಗುಂಡ ಒಬ್ಬನ ಇದ್ದ. ಯಾರರ ಬಂದ್ರೇನು?”

“ದೊಡ್ಡಬಸಪ್ಪ ಒಬ್ಬ. ಡ್ರೈವರ ಒಬ್ಬ. ಇವರ್ದ ಯಾರ್ ಕೇಳ್ತಾರ?”

“ಅವರಿಗೂ ಕೇಳಾವ ಒಬ್ಬ ಹುಟ್ಲಿ” ಎಂದ. ನಂತರ ಸಣ್ಣ ದನಿಯಲ್ಲಿ, “ಪೊಲೀಸ್ರು ಬಂದ್ರ ಇಲ್ಲೇ ಹಚ್ಚತೀನಿ. ಬಂದಾವ್ರ್ನೂ ಕರ್ಕೊಂಡು ಹೋಗ್ತೀನಿ. ಅವ್ವಗ ಹೇಳಬ್ಯಾಡ.”

ಹೇಳಬೇಡ ಎಂದ. ಹೇಳುತ್ತಿದ್ದೇನೆ.

12 ಫೆಬ್ರವರಿ, ಲಿಂಗಸುಗೂರು

ಠಾಣೆಯ ಜಾಲರಿಯ ಹಿಂದೆ ಮಹಮ್ಮದಸಾಬರು. ಬೆರಳುಗಳು ಬಾತು ಬದನೆಕಾಯಿಯಂತಾಗಿದ್ದವು. ಧೂಳಿನಲ್ಲಿ ಅಕ್ಷರ ಬರೆದ ಬೆರಳುಗಳು. ನನ್ನನ್ನು ಕಂಡು ನಗಲು ನೋಡಿದರು.

“ದುರುಗಪ್ಪ, ಬರಿಯೋದು ಬಿಟ್ಟಿಲ್ಲ ಹೌದಿಲ್ಲೋ?”

ಇಲ್ಲ ಎಂದೆ. ಅಲ್ಲಿಂದ ನೇರ ಠಾಣೆಯ ಮುಖ್ಯಾಧಿಕಾರಿ, ಅಮೀನರ ಕೋಣೆಗೆ ಹೋದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಹೇಳಿದೆ.

ಜೀವಂತ ಹಿಡಿಯಬೇಕು ಎಂದು ಬೇಡಿಕೊಂಡೆ. ಅಮೀನರು ಕೆಟ್ಟವರಲ್ಲ. “ಒಳಗ ತೋಟಾ ಇಟ್ಕೊಂಡ್ ಕುಂತಾನ ಅಂತೀಯ. ನನ್ ಮಂದಿನ್ ಹೆಂಗ್ ಇಳಸ್ಲಿ? ಮ್ಯಾಲಿಂದ ಗುಂಡು ಹಾರಸ್ತೀವಿ” ಎಂದರು. “ನಾ ಇಳೀತೀನ್ರಿ” ಎಂದೆ.

“ಹಚ್ಚಿದ್ರ?”

“ಹಚ್ಚಂಗಿಲ್ರಿ. ಕೆರ ಬಿಟ್ಟು ಇಳೀತೀನಿ.”

ಅವರಿಗೆ ಅರ್ಥವಾಗಲಿಲ್ಲ. ಹೇಳುವಾಗ ನನಗೂ ನಂಬಿಕೆ ಇರಲಿಲ್ಲ.

ಸಂಜೆ ಮಸ್ಕಿಗೆ ಬಂದು ಚಾಂದ್‌ಪಾಷಾನಿಗೆ ಎಲ್ಲ ಹೇಳಿದೆ. ಯಾರು ಮಾಡಿದ್ದು, ಎಲ್ಲಿದ್ದಾನೆ. ಬಿಬಿಜಾನ್ ಒಳಗೆ ಕೂಸಿಗೆ ಆಕಳ ಹಾಲು ಕುಡಿಸುತ್ತಿದ್ದಳು. ಅವನು ಎದ್ದು ಹೋಗಿ ಬೇಲಿಗೆ ಮುಖ ಮಾಡಿ ನಿಂತ. ತಿರುಗಿ ಬಂದು ಕೇಳಿದ್ದು ಇಷ್ಟೇ.

“ಮೆಟ್ಟಲಾ ಅರ್ಧಕ್ಕ ಮುಗೀತಾವ. ಕೆಳಗ ಇಳಿಯಾಕ ಹಗ್ಗ ಯಾರ್ ಹಿಡೀತಾರ?”

ನಾನು ಹಗ್ಗದ ಸುರುಳಿ ತಂದು ಕಟ್ಟೆಯ ಮೇಲೆ ಇಟ್ಟೆ.

“ಪೊಲೀಸ್ರ ಕೈಗೆ ಕೊಟ್ಟೀಯ ಮತ್ತ. ಅವರಿಗೇನ್ ಗೊತ್ತೈತಿ ಹಗ್ಗ” ಎಂದ.

13 ಫೆಬ್ರವರಿ

ಸಿಕ್ಕ. ಜೀವಂತ.

ಹೊತ್ತು ಏರುವ ಮುಂಚೆ ಹೋದೆವು. ಪೊಲೀಸರು ಗುಂಡುಕಲ್ಲುಗಳ ಹಿಂದೆ. ಚಾಂದ್‌ಪಾಷಾ ಹಗ್ಗವನ್ನು ಸೊಂಟಕ್ಕೆ ಸುತ್ತಿ ಕಾಲು ಊರಿ ನಿಂತ. ಇಷ್ಟು ವರ್ಷ ನಿಂತ ಹಾಗೇ. ಮುಖ ನೋಡಲಿಲ್ಲ ನಾನು. ಕೆರ ಬಿಟ್ಟೆ. ಹಿಮ್ಮಡ ದಂಡೆಯಿಂದ ಸ್ವಲ್ಪ ಹೊರಗೆ ಚಾಚಿದ ಹಾಗೆ ಇಟ್ಟೆ, ಕೆಳಗಿನಿಂದಲೂ ಕಾಣಲೆಂದು.

“ಕೆರ ಬಿಟ್ಟೀನೋ ಯಂಕೋಬ” ಎಂದು ಕೂಗಿದೆ.

ಕೆಳಗಿನಿಂದ ದನಿ ಬಂತು. “ಬರಬ್ಯಾಡ ಮಾವ! ಯಾರ್ನ ಕರ್ಕೊಂಡ್ ಬಂದೀದಿ? ಹಚ್ಚತೀನಿ ನೋಡು! ಆಣಿ ಮಾಡಿ ಹೇಳ್ತೀನಿ!”

ಇಳಿದೆ. ಹಗ್ಗ ಒಮ್ಮೆಯೂ ಜೋಲಿ ಹೊಡೆಯಲಿಲ್ಲ.

ಅವನ ಮಡಿಲಲ್ಲಿ ತೋಟಾದ ಕಟ್ಟು. ಒಂದು ಕೈಯಲ್ಲಿ ಕಡ್ಡಿಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ. ನಾನು ಎದುರಿಗೆ ಕುಳಿತೆ. ಅವನು ನನ್ನ ಬರಿಗಾಲು ನೋಡಿದ. ಮೇಲೆ ನೋಡಿದ. ಮತ್ತೆ ಕಾಲು ನೋಡಿದ.

“ಕೆರ ತಗಿ ಅಂತ ಹೇಳು ಮಾವ ಮ್ಯಾಲಿನಾವ್ರಿಗೆ” ಎಂದ. ಅಳುತ್ತಿದ್ದ. “ತಗಿ ಅನ್ನು. ನಿನ್ ಕಾಲ್ ಹಿಡ್ಕೋತೀನಿ. ಕೆರ ತಗೀರಿ ಅನ್ನು.”

“ಅನ್ನಂಗಿಲ್ಲಪಾ” ಎಂದೆ.

ಬಿಸಿಲು ಬಾವಿಯ ಒಂದು ಗೋಡೆಯಿಂದ ಇಳಿದು ತಳಕ್ಕೆ ಬಂತು. ಅಷ್ಟು ಹೊತ್ತು ಕುಳಿತೆವು. ಕೊನೆಗೆ ಕಡ್ಡಿಯನ್ನು ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆ ನನ್ನ ಕೈಗೆ ಕೊಟ್ಟ.

ಮೊದಲು ಅವನ ಸೊಂಟಕ್ಕೇ ಹಗ್ಗ ಕಟ್ಟಿದೆ. ಮೂರು ಸಲ ಜಗ್ಗಿದೆ. ಮೇಲೆ ಯಾರಿದ್ದಾರೆ ಎಂದು ಅವನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ, ಆ ಎಳೆತ ಅವನಿಗೂ ಗೊತ್ತು. ಹಗ್ಗ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಎಳೆಯಿತು. ಒಂದೇ ಸಮನೆ.

ನಾನು ಮೇಲೆ ಬಂದಾಗ ಕೈಕೋಳ ಹಾಕಿ ಆಗಿತ್ತು. ಚಾಂದ್‌ಪಾಷಾ ಹಗ್ಗ ಸುತ್ತುತ್ತಿದ್ದ. ಅಂಗೈ ಸುಲಿದು ರಕ್ತ ಬಂದಿತ್ತು. ಎಂದೂ ಬರದ ರಕ್ತ.

“ಬಿಡಬೇಕು ಅನಿಸ್ತು ದುರುಗಣ್ಣ” ಎಂದ. “ಕೈ ಬಿಡ್ಲಿಲ್ಲ. ಹಾಳಾದ್ ಕೈ, ರೂಢಿ ಆಗಿಬಿಟ್ಟೈತಿ.”

ಇಷ್ಟು ಹೇಳಿ ಅಲ್ಲೇ ನೆಲಕ್ಕೆ ಕುಳಿತು ಮಗಳ ಹೆಸರು ಹಿಡಿದು ಅತ್ತ.

18 ಫೆಬ್ರವರಿ

ಮಹಮ್ಮದಸಾಬರನ್ನು ಬಿಟ್ಟರು. ಯಾರೂ ಹಾರ ಹಾಕಲಿಲ್ಲ.

ನಿನಗೆ ಮೂರು ಕಾಗದ ಬರೆದು ಹರಿದೆ. ಮಾಸ್ತರರ ಬಾಯಿಂದ ನೀನು ಅದನ್ನು ಕೇಳುವುದು, ಕಟ್ಟೆಯ ಮೇಲೆ... ಕಳಿಸಿದ್ದು ಒಂದೇ ಸಾಲು. ಯಂಕೋಬನನ್ನು ಹಿಡಿದಿದ್ದಾರೆ, ಬಾ.

14 ಸೆಪ್ಟೆಂಬರ್ 1954, ರಾಯಚೂರು

ಇವತ್ತು ಕೋರ್ಟಿಗೆ ನೀನು ಬಂದಿದ್ದೆ. ಎಷ್ಟು ಸೊರಗಿದ್ದೀ.

ನಾಕಾದಿಂದ ಬಸ್ಸಿನ ಯೋಚನೆಯವರೆಗೆ ಎಲ್ಲವನ್ನೂ ಅವನೇ ಒಪ್ಪಿಕೊಂಡ. ವಕೀಲರು ಬೇಡವೆಂದರೂ ಒಪ್ಪಿಕೊಂಡ. ಜಡ್ಜ್ ಸಾಹೇಬರು ಕೇಳಿದರು: ನಿನ್ನ ಕೈಯಲ್ಲಿ ತೋಟಾ ಇತ್ತು, ಕಡ್ಡಿ ಇತ್ತು, ಸುತ್ತ ಪೊಲೀಸರಿದ್ದರು, ಯಾಕೆ ಹಚ್ಚಲಿಲ್ಲ?

“ದಂಡ್ಯಾಗ ಮಾವನ ಕೆರ ಇದ್ವು ಸಾಹೇಬ್ರ” ಎಂದ.

ಜನ ನಕ್ಕರು. ಜಡ್ಜ್ ಸಾಹೇಬರು ಬರೆದುಕೊಳ್ಳಲಿಲ್ಲ. ನೀನು ನಗಲಿಲ್ಲ, ನಾನು ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಚಾಂದ್‌ಪಾಷಾ ಇದ್ದ.

ಹೊರಗೆ ಬೇವಿನ ಗಿಡದಡಿಯಲ್ಲಿ ನೀನು ನನ್ನ ತೋಳು ಹಿಡಿದು ಕೇಳಿದೆ.

“ಅಣ್ಣಾ, ಖರೇ ಹೇಳು. ಪೊಲೀಸ್ರು ನಿನ್ನ ಬೆನ್ನ ಹತ್ತಿ ಬಂದ್ರೋ? ನೀನ ಕರ್ಕೊಂಡು ಬಂದ್ಯೋ?”

ಸುತ್ತ ಜನ. ಸೂಗಪ್ಪನವರು ನೆಲ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು, “ಊಟಾ ಮಾಡಿದ್ಯೇನವ್ವ?”

ನೀನು ತೋಳು ಬಿಟ್ಟೆ.

30 ನವೆಂಬರ್ 1954

ಗಲ್ಲು ಎಂದು ತೀರ್ಪಾಯಿತು. ಸಿರುಗುಪ್ಪಕ್ಕೆ ಕಾಗದ ಹಾಕಿದೆ. ಉತ್ತರವಿಲ್ಲ.

9 ಆಗಸ್ಟ್ 1955

ಆಯಿತು. ಮುಂಜಾನೆ.

ಕೊನೆಯ ಭೇಟಿಗೆ ಹೋಗಿದ್ದೆ. ಕಂಬಿಯಾಚೆ ಕೈ ಮುಗಿದ. ದಾವಲ್‌ಬೀ ನಡೆಯುತ್ತಾಳೇನು ಎಂದು ಕೇಳಿದ. ನಡೆಯುತ್ತಾಳೆ ಎಂದೆ. “ಚಾಂದಮಾವಗ...” ಎಂದ. ಮುಂದೆ ಹೇಳಲಿಲ್ಲ.

ಅವನ ಕೆರಗಳನ್ನು ಕೇಳಿದೆ. ಮೊಕದ್ದಮೆಯ ಸಾಮಾನು, ಕೊಡಲು ಬರುವುದಿಲ್ಲ ಎಂದರು. ಗೂಟಕ್ಕಿದ್ದ ಅಮರಗುಂಡಪ್ಪನ ಜೋಡನ್ನು ತೆಗೆದು ಹೊಳೆಗೆ ಬಿಟ್ಟು ಬಂದೆ. ದಾರವನ್ನೂ.

17 ಆಗಸ್ಟ್ 1956

ಒಂದು ವರ್ಷ ಪುಸ್ತಕ ಮುಟ್ಟಿರಲಿಲ್ಲ. ಕಾಗದ ಮಾತ್ರ ಹಾಕುತ್ತಲೇ ಇದ್ದೆ. ಕ್ಷೇಮ, ಕ್ಷೇಮವೇ, ಮಳೆ ಆಯಿತೇ. ಒಂದಕ್ಕೂ ನೀನು ಉತ್ತರ ಬರೆಸಲಿಲ್ಲ.

ಇವತ್ತು ಬುಡ್ಡೇಸಾಬ್ ಬಂದಿದ್ದ, ಸಿರುಗುಪ್ಪದ ಸಂತೆಗೆ ಎತ್ತು ಹೊಡೆಯುವವನು.

“ದುರುಗಣ್ಣ, ನಿಮ್ ಜಂಬಮ್ಮನ್ ನೋಡಿದ್ನಪ. ಮಮ್ಮಗಳ ಪಾಟಿ ಹಿಡಕೊಂಡು ಪಡಸಾಲ್ಯಾಗ ಕುಂತಾಳ! ಬಳಪ ಹಿಡ್ಯಾಕ ಬರವಲ್ದು, ಕಸಾ ಕೀಳೂ ಕುರುಪಿ ಹಿಡದಂಗ ಹಿಡದಾಳ. ‘ಈ ವಯಸ್ಸಿಗೆ ಯಾಕಬೇ’ ಅಂದ್ರ, ‘ಇನ್ನೊಬ್ಬರ ಬಾಯಿಂದ ಕೇಳೂದು ಸಾಕಾಗೈತಿ’ ಅಂದ್ಲು.”

“ಎಲ್ಲೀ ತನಕ ಬಂದಾಳ?”

“ಕಾಗುಣಿತ ಮುಗಿಸ್ಯಾಳಂತ. ಒತ್ತಕ್ಷರ ಇನ್ನೂ ಬರವಲ್ವಂತ. ಕಾಗದಾ ಎಲ್ಲಾ ಗಂಟು ಕಟ್ಟಿ ಇಟ್ಟಾಳ. ಓದಸ್ಯಾಳೋ ಇಲ್ಲೋ ಕೇಳ್ಲಿಲ್ಲ ನಾ.”

ಅವನು ಹೋದ ಮೇಲೆ ಬಹಳ ಹೊತ್ತು ಕಟ್ಟೆಯ ಮೇಲೇ ಕುಳಿತಿದ್ದೆ. ದಾವಲ್‌ಬೀ ಬಂದು ಹೊಸ್ತಿಲ ಹೊರಗಿದ್ದ ನನ್ನ ಕೆರಗಳಲ್ಲಿ ತನ್ನ ಪುಟ್ಟ ಪಾದ ಇಟ್ಟು ಎಳೆದುಕೊಂಡು ಓಡಿತು. “ತಾತನ ಕೆರ ಬಿಡಬೇ!” ಎಂದು ಬಿಬಿಜಾನ್ ಹಿಂದೆ ಓಡಿದಳು.

1 ನವೆಂಬರ್ 1956

ಇವತ್ತಿನಿಂದ ನಮ್ಮ ಕಡೆಯೂ ನಿಮ್ಮ ಕಡೆಯೂ ಒಂದೇ ರಾಜ್ಯವಂತೆ. ಶಾಲೆಯ ಹುಡುಗರು ಬಾವುಟ ಹಿಡಿದು ಓಣಿಯಲ್ಲಿ ತಿರುಗಿದರು. ದಢೇಸುಗೂರಿನ ಹೊಳೆ ಈಗ ಬರೀ ಹೊಳೆ. ಟಪಾಲು ತಡೆಯುವವರು ಯಾರೂ ಇಲ್ಲ.

ನೀನೇ ಓದಲೆಂದು ಒತ್ತಕ್ಷರ ಇಲ್ಲದ ಮಾತು ಹುಡುಕುವುದು ಒಣಬಾವಿಯಲ್ಲಿ ನೀರು ಹುಡುಕಿದ ಹಾಗೆ. ಮೂರು ದಿನದಿಂದ ತೋಡುತ್ತಿದ್ದೇನೆ. ಇಲ್ಲಿ ಮೊದಲು ಬರೆದು, ಆಮೇಲೆ ದೊಡ್ಡ ಅಕ್ಷರದಲ್ಲಿ ಕಾಗದಕ್ಕೆ ಇಳಿಸುತ್ತೇನೆ. ಈ ಸಲ ಹಾಕುತ್ತೇನೆ.

ತಂಗಿ,

ನೀನು ಹೇಗಿರುವೆ? ಮಗಳು ಹೇಗಿರುವಳು? ಆಕಳು, ಕರು ಹೇಗಿವೆ?

ಈ ಕಾಗದ ಬೇರೆ ಯಾರೂ ಓದುವುದು ಬೇಡ. ನೀನೇ ಓದು. ನಿಧಾನವಾಗಿ ಓದು.

ಆ ದಿನ ಬೇವಿನ ಗಿಡದಡಿ ನೀನು ಒಂದು ಮಾತು ಕೇಳಿದೆ. ನಾನು ಊಟದ ಮಾತು ಆಡಿದೆ. ಇಂದು ಹೇಳುವೆ. ಪೊಲೀಸರಿಗೆ ಬಾವಿ ತೋರಿದವನು ನಾನೇ. ಯಾರೂ ಕೇಳದೆ ಇರುವಾಗ ನಾನೇ ಹೋಗಿ ಹೇಳಿದೆ.

ಗೋದಾಮಿನ ಮುದುಕ ಹೋದ. ಮೂವರು ಹೆಂಗಸರು, ಒಂದು ಕೂಸು ಹೋದರು. ಅದು ನಿಜ. ದಂಡೆಯ ಮೇಲೆ ಕೆರ ಇರುವುದು ಕಂಡು ಯಂಕೋಬ ಬೆಂಕಿ ತಾಗಿಸದೆ ಕೂತ. ನಾನು ಬದುಕಿದೆ. ಅದೂ ನಿಜ.

ಬೈದು ಬರೆ. ಬರೆಯಲು ಬಾರದೆ ಹೋದರೆ ಬರೀ ಕಾಗದ ಮಡಚಿ ಕಳಿಸು, ನೀನು ಓದಿರುವೆ ಎಂದು ತಿಳಿಯುವೆ. ಒಂದೇ ಗೆರೆಯಾದರೂ ಸಾಕು, ತಂಗಿ. ಬೇಗ ಬರೆ. ಬೇಗ ಬರೆ.